ಕೆಂಪು ಬಟ್ಟೆಗೆ ಬಿಳಿ ಬಟ್ಟೆಯ ಉತ್ತರ

ಹೋಗದಿದ್ದರೆ ಏನು ಮುಳುಗಿಹೋಗುತ್ತದೆ? ಹೋದರೆ ತಾನೇ ಏನು ತೇಲಿಬರುತ್ತದೆ? ಮೇಲಿನ ದೇಶದವರು ಗಿರಣಿ ಕಟ್ಟಲು ನಿಶ್ಚಯಿಸಿ ಆಗಿದೆ. ಜಾಗ ಅಳೆದಾಗಿದೆ, ಕಂಬಿ ಸಿಮೆಂಟು ತಂದು ಸುರಿದಾಗಿದೆ. ಈಗ ಹೊಳೆಯ ಕೆಳಗಿನ ಒಬ್ಬ ಬಣ್ಣಗಾರ ಸಭೆಯಲ್ಲಿ ಎದ್ದು ನಿಂತು ಗಂಟಲು ಸರಿಮಾಡಿಕೊಂಡರೆ ಯಾರ ಕಿವಿ ನಿಮಿರುತ್ತದೆ? ಅದೂ ಇರಲಿ. ಎದ್ದು ನಿಂತು ಏನೆನ್ನುವುದು? ಗಿರಣಿ ಬೇಡ ಎನ್ನುವುದೇ? ಹಾಗೆನ್ನುವ ಬಾಯಿ ತನ್ನದಾಗಬೇಕೇ?

ಬಣ್ಣಗಾರ ಇಷ್ಟನ್ನೂ ಮನಸ್ಸಿನಲ್ಲೇ ಇಟ್ಟುಕೊಂಡು ಹಳದಿ ತೊಟ್ಟಿಯಲ್ಲಿ ನೂಲಿನ ಲಡಿಗಳನ್ನು ಮಗುಚುತ್ತಿದ್ದ. ಅವನದು ಮಾತು ಕಡಿಮೆ. ಮನೆಯವರು ಅವನ ಮನಸ್ಸನ್ನು ತಿಳಿಯುತ್ತಿದ್ದುದು ಕೋಲಿನ ಸದ್ದಿನಿಂದ. ಕೋಲು ತೊಟ್ಟಿಯ ಅಂಚಿಗೆ ಬಡಿಯದೆ ತಿರುಗಿದರೆ ಎಲ್ಲ ಸರಿಯಿದೆ ಎಂದು ಅರ್ಥ. ಆ ವಾರವೆಲ್ಲ ಕೋಲು ಅಂಚಿಗೆ ಬಡಿಯುತ್ತಲೇ ಇತ್ತು.

ಬಣ್ಣದ ಮನೆ ಇದ್ದದ್ದು ಹೊಳೆಯ ದಡದಲ್ಲೇ. ಹೊಳೆಯ ಗುಂಟ ಮೇಲಕ್ಕೆ ಹೋದರೆ ಸೇತುವೆ, ಸೇತುವೆಯ ಆಚೆ ಇನ್ನೊಂದು ದೇಶ. ಅಲ್ಲಿಂದ ಇಲ್ಲಿಗೆ ಬರಲು ಮನುಷ್ಯರಿಗೆ ಚೀಟಿ ಬೇಕು, ನೀರಿಗೆ ಬೇಡ. ಅವನ ಒಬ್ಬಳೇ ಮಗಳನ್ನು ಕೊಟ್ಟದ್ದು ಆಚೆಗೆ. ಈ ತೊಟ್ಟಿಗಳ ನಡುವೆಯೇ ಅಂಬೆಗಾಲಿಟ್ಟು ಬೆಳೆದವಳು. ಒದ್ದೆ ನೂಲನ್ನು ನೋಡಿಯೇ ಒಣಗಿದ ಮೇಲೆ ಯಾವ ಬಣ್ಣ ನಿಲ್ಲುತ್ತದೆಂದು ಹೇಳಬಲ್ಲವಳು. ಹೋದ ವಾರ ಫೋನು ಮಾಡಿ, ಹೊಸ ಗಿರಣಿಯಲ್ಲಿ ತನಗೆ ಬಣ್ಣ ಹೊಂದಿಸುವ ಕೆಲಸ ಸಿಕ್ಕಿದೆ, ಗಿರಣಿ ಶುರುವಾದ ದಿನವೇ ಸೇರಬೇಕು ಎಂದಿದ್ದಳು. ಮದುವೆಯಾದ ಮೇಲೆ ಅವಳ ದನಿಯಲ್ಲಿ ಅಷ್ಟು ಗೆಲುವನ್ನು ಅವನು ಕೇಳಿರಲಿಲ್ಲ.

ಅದು ನೂಲಿಗೆ ಬಣ್ಣ ಹಾಕುವ ಗಿರಣಿ. ದೊಡ್ಡದು. ಅದರ ನೀರು ಬಂದು ಬೀಳುವುದು ಇದೇ ಹೊಳೆಗೆ.

ಅವನ ಬದುಕು ನಿಂತದ್ದು ತಿಳಿಹಳದಿಯ ಮೇಲೆ. ಹಳದಿ ಅನ್ನೋದು ಸಂಕೋಚದ ನೆಂಟ ಇದ್ದ ಹಾಗೆ, ಪಕ್ಕದಲ್ಲಿ ಯಾರು ಕೂತರೂ ಮುಖ ಬದಲಾಗುತ್ತೆ ಎಂದು ಅವನಪ್ಪ ಹೇಳುತ್ತಿದ್ದ. ನೀರಿನಲ್ಲಿ ಚೂರು ನೀಲಿ ಬೆರೆತರೂ ಹಳದಿ ಹಸಿರಿಗೆ ತಿರುಗುತ್ತದೆ. ಹಸಿರಿಗೆ ತಿರುಗಿದ ಹಳದಿಯನ್ನು ಯಾವ ನೇಕಾರನೂ ಮುಟ್ಟುವುದಿಲ್ಲ. ಗಿರಣಿಯ ನೀರು ಹಾಗೇ ಬಂದರೆ ತಾನು ತೊಟ್ಟಿಗಳನ್ನು ಬೋರಲು ಹಾಕಬೇಕು. ಗಿರಣಿ ನಿಂತರೆ ಮಗಳ ಗೆಲುವು ನಿಲ್ಲುತ್ತದೆ. ಇತ್ತ ದರಿ, ಅತ್ತ ಪುಲಿ.

ಆ ಹೊತ್ತಿಗೆ ನಾದಿನಿ ಬಂದಳು. ಹೆಂಡತಿಯ ತಂಗಿ. ನೀರಿನ ಕಚೇರಿಯಲ್ಲಿ ಕೆಲಸ. ಹೊಳೆ, ಬಾವಿ, ನಲ್ಲಿಗಳ ನೀರನ್ನು ಸೀಸೆಗಳಲ್ಲಿ ತುಂಬಿಸಿ ಪರೀಕ್ಷೆಗೆ ಒಯ್ಯುವವಳು. ಬೀದಿಯ ಮಕ್ಕಳೆಲ್ಲ ಅವಳನ್ನು ಸೀಸೆ ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು.

ಅವಳು ಸೀಸೆಗಳ ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟಳು. "ಭಾವ, ನಮ್ಮ ಕಚೇರಿ ಗೋಡೆ ಮೇಲೆ ನೋಟೀಸು ಅಂಟಿಸಿದಾರೆ. ಓದಿದ್ರಾ?"

"ನಮ್ಮನೇಲಿ ಸೀಸೆ ಹಿಡ್ಕೊಂಡು ಓಡಾಡೋಳು ನೀನೊಬ್ಳು. ಗೋಡೆ ಓದೋ ಕೆಲ್ಸಾನೂ ನಿಂದೇ ಆಗ್ಲಿ."

ಒಳಗಿನಿಂದ ಹೆಂಡತಿ ಅಂದಳು: "ಓದಿದಾರೆ ಕಣೇ. ಓದಿದ ದಿನದಿಂದ್ಲೇ ಕೋಲು ಬಡಿತಾ ಇರೋದು."

ನಾದಿನಿ ಕೂತು ವಿವರಿಸಿದಳು. ಒಂದು ದೇಶ ತನ್ನ ನೆಲದಲ್ಲಿ ಗಿರಣಿ ಕಟ್ಟಬಹುದು, ಗಣಿ ತೋಡಬಹುದು; ಅದು ಅದರ ಹಕ್ಕು. ಆದರೆ ಅದರಿಂದ ಪಕ್ಕದ ದೇಶದ ನೀರಿಗೋ ಗಾಳಿಗೋ ದೊಡ್ಡ ಹಾನಿ ಆಗಬಾರದು. ಹಾಗೆ ಆಗುವ ಸಂಭವವಿದ್ದರೆ ಶುರುಮಾಡುವ ಮೊದಲೇ ಏನೇನು ಪರಿಣಾಮ ಆಗುತ್ತದೆಂದು ಲೆಕ್ಕ ಹಾಕಬೇಕು, ಪಕ್ಕದವರಿಗೆ ತಿಳಿಸಬೇಕು, ಅವರ ಮಾತು ಕೇಳಬೇಕು. ಈ ಹೊಳೆಯ ವಿಷಯದಲ್ಲಿ ಎರಡೂ ದೇಶಗಳು ಹಾಗೆಂದು ಒಪ್ಪಂದ ಮಾಡಿಕೊಂಡಿವೆ. ಅದಕ್ಕೇ ಈ ನೋಟೀಸು, ಅದಕ್ಕೇ ಮುಂದಿನ ವಾರ ನಗರಸಭೆಯ ಹಾಲಿನಲ್ಲಿ ಸಭೆ. ಆಚೆಯ ಅಧಿಕಾರಿಗಳೂ ಬರುತ್ತಾರೆ. ಯಾರು ಬೇಕಾದರೂ ಮಾತಾಡಬಹುದು.

ಬಣ್ಣಗಾರ ಲಡಿ ಮಗುಚುತ್ತಲೇ ಕೇಳಿಸಿಕೊಂಡ. ಆಮೇಲೆ ಕೇಳಿದ: "ದೇಶ ದೇಶಗಳ ನಡುವಿನ ಕಾನೂನು ಅಂದ್ರೆ ಯಾವ ಪೊಲೀಸಿನವನು ಬರ್ತಾನೆ?"

"ಯಾರೂ ಬರಲ್ಲ," ಎಂದಳು ನಾದಿನಿ. "ಸುಳ್ಳು ಯಾಕೆ ಹೇಳ್ಲಿ? ಕೇಳೋರು ಇದ್ರೆ ಎದ್ದು ಕೂರುತ್ತೆ, ಇಲ್ದಿದ್ರೆ ಮಲಗಿರುತ್ತೆ, ಅಂಥ ಕಾನೂನು ಅದು. ಅದಕ್ಕೇ ಹೋಗಿ ಅನ್ನೋದು."

"ಅವ್ರು ನಿಶ್ಚಯ ಮಾಡ್ಕೊಂಡಾಗಿದೆ. ಶಾಸ್ತ್ರಕ್ಕೆ ಕರೀತಾರೆ. ತಿಳಿಸಿದ್ವಿ ಅಂತ ಬರ್ಕೋತಾರೆ. ಆಯ್ತಲ್ಲ."

ನಾದಿನಿ ಪೆಟ್ಟಿಗೆ ಎತ್ತಿಕೊಂಡು ಹೊಳೆಗೆ ಇಳಿದಳು. ಅವಳಿಗೆ ಭಾವನ ಮೌನದ ಗುರುತು ಇತ್ತು. ಅದರಲ್ಲಿ ಇನ್ನೇನೋ ಇದೆಯೆಂದು ಅನಿಸಿತು. ಕೇಳಲಿಲ್ಲ.

*

ಈ ದಡದ ಬಣ್ಣಗಾರರಲ್ಲಿ ಒಂದು ಪದ್ಧತಿಯುಂಟು. ಬಣ್ಣದ ಮನೆಯ ಕೆಳಗೆ, ಕೂಗಿದರೆ ಕೇಳಿಸದಷ್ಟು ದೂರದಲ್ಲಿ, ಬಟ್ಟೆ ಒಗೆಯುವ ಕಲ್ಲುಗಳಿವೆ. ಅಲ್ಲಿ ಸೋಪಣ್ಣ ಒಗೆಯುತ್ತಾನೆ. ಅವನ ನಿಜವಾದ ಹೆಸರು ಅವನಿಗೇ ಮರೆತಿರಬೇಕು. ಆಸ್ಪತ್ರೆಯ ಹಾಸಿಗೆ ಬಟ್ಟೆಗಳೆಲ್ಲ ಅವನ ಗುತ್ತಿಗೆ. ತೊಟ್ಟಿಯ ಬಣ್ಣದ ನೀರನ್ನು ಹೊಳೆಗೆ ಬಿಡುವ ಮೊದಲು ಬಣ್ಣಗಾರ ಕಂಬಕ್ಕೆ ಕೆಂಪು ಬಟ್ಟೆ ಏರಿಸಬೇಕು. ಅದನ್ನು ನೋಡಿ ಸೋಪಣ್ಣ ನೀರಿನಲ್ಲಿರುವ ಬಟ್ಟೆಗಳನ್ನೆಲ್ಲ ದಡಕ್ಕೆ ಎಳೆದುಕೊಳ್ಳುತ್ತಾನೆ. ಎಳೆದುಕೊಂಡ ಮೇಲೆ ತನ್ನ ಕಂಬಕ್ಕೆ ಬಿಳಿ ಬಟ್ಟೆ ಏರಿಸುತ್ತಾನೆ. ಅದು ಕಂಡ ಮೇಲೆಯೇ ಬಣ್ಣಗಾರ ತೊಟ್ಟಿಯ ಬೆಣೆ ತೆಗೆಯಬೇಕು. ಕೆಲಸ ಹೆಚ್ಚಿದ್ದರೆ ಸೋಪಣ್ಣ ಬಿಳಿ ಬಟ್ಟೆ ಏರಿಸುವುದಿಲ್ಲ. ಆಗ ಕಾಯಬೇಕು. ಯಾರೂ ಬರೆದಿಟ್ಟ ನಿಯಮವಲ್ಲ. ತಂದೆಯರ ಕಾಲದಿಂದ ನಡೆದು ಬಂದದ್ದು.

ಮರುದಿನ ಬಣ್ಣಗಾರನ ಮನಸ್ಸು ಎಲ್ಲೋ ಇತ್ತು. ನೀಲಿ ತೊಟ್ಟಿ ಖಾಲಿ ಮಾಡಬೇಕಿತ್ತು. ಕೆಂಪು ಬಟ್ಟೆ ಏರಿಸಿದ. ಕೆಳಗೆ ನೋಡಿದ. ಬಿಳಿ ಬಟ್ಟೆ ಗಾಳಿಗೆ ಹಾರಾಡುತ್ತಿತ್ತು. ಬೆಣೆ ತೆಗೆದ.

ಊಟದ ಹೊತ್ತಿಗೆ ಸೋಪಣ್ಣ ಮೆಟ್ಟಿಲು ಹತ್ತಿ ಬಂದ. ಹೆಗಲ ಮೇಲೆ ಒದ್ದೆ ಬಟ್ಟೆಗಳ ರಾಶಿ. ಒಂದನ್ನು ಬಿಡಿಸಿ ಹಿಡಿದ. ಬಿಳಿಯ ಮೇಲೆ ನೀಲಿ ಮೋಡ.

"ಏನಯ್ಯ, ಆಸ್ಪತ್ರೆಯವರು ರೋಗಿಗಳನ್ನ ಆಕಾಶದ ಮೇಲೆ ಮಲಗಿಸ್ಬೇಕು ಅಂತ ಏನಾದ್ರೂ ಹೇಳಿದ್ರಾ ನಿಂಗೆ?"

ಬಣ್ಣಗಾರ ಎದ್ದು ನಿಂತ. ಕೆಂಪು ಬಟ್ಟೆ ಏರಿಸಿದ್ದೆನಲ್ಲ ಎಂದ.

"ಏರಿಸಿದ್ದೇನೋ ಏರಿಸಿದೆ. ನನ್ನ ಉತ್ತರ ಎಲ್ಲಿ ನೋಡಿದೆ?"

"ಬಿಳಿ ಬಟ್ಟೆ ಕಾಣ್ತು."

ಸೋಪಣ್ಣನಿಗೆ ಸಿಟ್ಟಿನಲ್ಲೂ ನಗು ಬಂತು. "ನನ್ನ ದಡದಲ್ಲಿ ಬಿಳಿ ಬಟ್ಟೆಗೇನಯ್ಯ ಬರ? ಹಗ್ಗದ ತುಂಬ ಒಣಗಾಕಿದೀನಿ. ನೀನು ನೋಡಿದ್ದು ಹಗ್ಗ, ಕಂಬ ಅಲ್ಲ. ನಿಂಗೆ ಬೇಕಾಗಿದ್ದು ನಿಂಗೆ ಕಾಣ್ತು."

ಬಣ್ಣಗಾರ ಕೆಳಗೆ ಹಗ್ಗದ ಕಡೆ ನೋಡಿದ. ಬೇಕಾಗಿದ್ದು ಕಾಣ್ತು. ಆ ಮಾತು ಅವನೊಳಗೆ ಎಲ್ಲೋ ಹೋಗಿ ಕೂತಿತು. ಮೇಲಿನವರು ಈಗ ಮಾಡುತ್ತಿರುವುದೂ ಇದನ್ನೇ ಅಲ್ಲವೇ? ಗೋಡೆಗೆ ನೋಟೀಸು ಅಂಟಿಸಿದ್ದಾರೆ. ಅದು ಕೆಂಪು ಬಟ್ಟೆ. ಇನ್ನು ಕೆಳಕ್ಕೆ ನೋಡುತ್ತಾರೆ. ಇಲ್ಲಿ ಯಾರೂ ಬಾಯಿ ಬಿಡದಿದ್ದರೆ ಆ ಮೌನವೇ ಅವರಿಗೆ ಬಿಳಿ ಬಟ್ಟೆಯಾಗಿ ಕಾಣುತ್ತದೆ. ಬೆಣೆ ತೆಗೆಯುತ್ತಾರೆ.

ತನ್ನ ಮೌನ ತನ್ನ ಸ್ವಂತ ಸ್ವತ್ತು ಎಂದು ಅವನು ಇಷ್ಟು ಕಾಲ ನಂಬಿದ್ದ. ಅದಕ್ಕೆ ಬೇರೆಯವರು ಅರ್ಥ ಹಚ್ಚಬಹುದೆಂದು ಮೊದಲ ಸಲ ಹೊಳೆಯಿತು.

ಸೋಪಣ್ಣ ರಾಶಿಯನ್ನು ಕಟ್ಟೆಯ ಮೇಲೆ ಇಳಿಸಿದ. "ಬಣ್ಣ ನಿಂದು. ನೀನೇ ತೆಗಿ. ಸಾಯಂಕಾಲ ಆಸ್ಪತ್ರೆ ಗಾಡಿ ಬರುತ್ತೆ."

ಬಣ್ಣಗಾರ ಒಲೆ ಹಚ್ಚಿದ. ಸೋಡಾ ಹಾಕಿ ನೀರು ಕುದಿಸಿದ. ಗಂಡ ಹೆಂಡತಿ ಇಬ್ಬರೂ ಬಟ್ಟೆ ಬೇಯಿಸಿ, ಹಿಂಡಿ, ಮತ್ತೆ ಬೇಯಿಸಿದರು. ಹೊಳೆಯಿಂದ ಮರಳುತ್ತಿದ್ದ ನಾದಿನಿ ಇದನ್ನು ನೋಡಿ ಪೆಟ್ಟಿಗೆ ಕೆಳಗಿಟ್ಟು ತಾನೂ ಒಂದು ತುದಿ ಹಿಡಿದು ಹಿಂಡಿದಳು.

"ಭಾವ, ನೀವೀಗ ಮಾಡ್ತಿರೋದಕ್ಕೂ ದೇಶ ದೇಶಗಳ ಕಾನೂನಲ್ಲಿ ಒಂದು ತತ್ವ ಇದೆ. ಕೊಳೆ ಮಾಡಿದವನೇ ಅದರ ಖರ್ಚು ಹೊರಬೇಕು ಅಂತ. ಇಲ್ದಿದ್ರೆ ಗಿರಣಿಯವನು ನೂಲು ಅಗ್ಗಕ್ಕೆ ಮಾರ್ತಾನೆ, ಆ ಅಗ್ಗದ ಬೆಲೆ ಹೊಳೆ ಕೆಳಗಿನೋರು ಕಟ್ತಾರೆ."

"ಅದಕ್ಕೆ ಕಾನೂನು ಬೇಕಾ? ಸೋಪಣ್ಣ ಸಾಕು," ಎಂದಳು ಹೆಂಡತಿ.

ಗಾಡಿ ಬರುವ ಹೊತ್ತಿಗೆ ಬಟ್ಟೆಗಳು ಬೆಳ್ಳಗಾಗಿದ್ದವು. ಒಂದು ಮಾತ್ರ ಮೊಂಡು ಹಿಡಿಯಿತು. ಅದನ್ನು ಬಣ್ಣಗಾರ ಇಟ್ಟುಕೊಂಡು ಬದಲಿಗೆ ಮನೆಯ ಹೊಸ ಬಟ್ಟೆ ಕೊಟ್ಟ. ಆಮೇಲೆ, ಕೋಲನ್ನು ಗೋಡೆಗೆ ಒರಗಿಸುತ್ತ, ಸಭೆಗೆ ಹೋಗುವುದಾಗಿ ಹೇಳಿದ. ಅಷ್ಟೇ ಹೇಳಿದ.

*

ಸಭೆಯ ಹಿಂದಿನ ದಿನ ಬಣ್ಣಗಾರರ ಸಂಘದ ಅಧ್ಯಕ್ಷ ಎಲ್ಲರನ್ನೂ ತನ್ನ ಗೋದಾಮಿಗೆ ಕರೆಸಿದ್ದ. ಅವನ ಬಳಿ ಮಾತು ಸಿದ್ಧವಾಗಿತ್ತು. ಗಿರಣಿಯೇ ಬೇಡ ಎಂದು ಒಕ್ಕೊರಲಿನಿಂದ ಹೇಳಬೇಕು. ಹೊಳೆ ಕೆಡುತ್ತದೆ ಎನ್ನಬೇಕು. ಒಳಗುಟ್ಟು ಏನೆಂದರೆ, ಗಿರಣಿಯ ನೂಲು ಅಗ್ಗವಾಗಿ ಬಂದರೆ ನಮ್ಮದನ್ನು ಯಾರೂ ಕೊಳ್ಳುವುದಿಲ್ಲ.

ನಾದಿನಿಯೂ ಭಾವನ ಜೊತೆ ಹೋಗಿದ್ದಳು. ಹೊಳೆಯ ಹೆಸರು ಹೇಳಿ ಇನ್ನೊಬ್ಬರ ಅಂಗಡಿ ಮುಚ್ಚಿಸಲು ಹೊರಟರೆ ಹೊಳೆಯ ಮಾತೂ ಬಿದ್ದುಹೋಗುತ್ತದೆ ಎಂದು ಅವಳು ಅಧ್ಯಕ್ಷನಿಗೆ ಹೇಳಿದಳು. ವ್ಯಾಪಾರದ ಒಪ್ಪಂದಗಳೂ ಇದನ್ನೇ ಹೇಳುತ್ತವೆ: ಪರಿಸರ ಕಾಪಾಡಲು ನಿಯಮ ಮಾಡಿ, ಆದರೆ ಪರಿಸರದ ಮುಖವಾಡ ಹಾಕಿಕೊಂಡು ಪಕ್ಕದವರ ಸರಕಿಗೆ ಬಾಗಿಲು ಹಾಕಬೇಡಿ. ಅವರಿಗೂ ಬೆಳೆಯುವ ಹಕ್ಕಿದೆ. ಇವತ್ತಿನ ದುಡಿಮೆಯೂ ನಡೆಯಬೇಕು, ನಾಳಿನವರಿಗೆ ನೀರೂ ಉಳಿಯಬೇಕು.

ಅಧ್ಯಕ್ಷನ ಮುಖ ಗಂಟಾಯಿತು. "ಸರಿ ತಾಯಿ. ನಮ್ಮ ತೊಟ್ಟಿ ನೀರೂ ಹೊಳೆಗೇ ಹೋಗುತ್ತೆ. ನಾಳೆ ಅವ್ರು ಅದನ್ನ ಎತ್ತಿ ಆಡಿದ್ರೆ?"

ಬಣ್ಣಗಾರ ತನ್ನ ಅಂಗೈ ನೋಡಿಕೊಂಡ. ಹಳದಿಯ ಕೆಳಗೆ ಮೊನ್ನೆಯ ನೀಲಿ ಇನ್ನೂ ಇತ್ತು.

"ಎತ್ತಿ ಆಡ್ಲಿ," ಎಂದ. "ನಾವೇ ಮೊದ್ಲು ಎತ್ತೋಣ. ನೀರು ಶುದ್ಧಿ ಮಾಡೋಕೆ ಒಂದು ಕೊಳ ಕಟ್ಟೋಣ."

*

ನಗರಸಭೆಯ ಹಾಲಿನಲ್ಲಿ ಕುರ್ಚಿಗಳು ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಮುಂದಿನ ಮೇಜಿಗೆ ಎರಡೂ ದೇಶಗಳ ಅಧಿಕಾರಿಗಳು. ಗಿರಣಿಯ ಕಡೆಯ ಒಬ್ಬರು ನಕ್ಷೆ ತೋರಿಸಿ, ತಮ್ಮ ನೀರಿನಿಂದ ಕೆಳಗಿನವರಿಗೆ ಹಾನಿಯಾಗುತ್ತದೆ ಎನ್ನುವುದಕ್ಕೆ ಖಚಿತವಾದ ಪುರಾವೆ ಏನೂ ಇಲ್ಲ ಎಂದರು. ನೀರು ಶುದ್ಧಿ ಮಾಡುವ ಕೊಳವನ್ನು ಗಿರಣಿ ಚೆನ್ನಾಗಿ ನಡೆಯತೊಡಗಿದ ಮೇಲೆ ಕಟ್ಟುವ ಯೋಚನೆ ಇದೆಯೆಂದೂ ಹೇಳಿದರು.

ಮೈಕು ಅವರಿವರ ಕೈ ದಾಟಿ ಬಂತು. ಬಣ್ಣಗಾರ ಎದ್ದ. ಹೆಂಡತಿ ನೆಲ ನೋಡುತ್ತ ಕೂತಿದ್ದಳು. ಗಂಡ ಇಷ್ಟು ಜನರ ಎದುರು ಮಾತಾಡಿದ್ದನ್ನು ಅವಳು ಕಂಡಿರಲಿಲ್ಲ. ಅವನು ಬಗಲಲ್ಲಿದ್ದ ಪೊಟ್ಟಣ ಬಿಚ್ಚಿ, ನೀಲಿ ಮೋಡ ಉಳಿದುಕೊಂಡ ಆ ಆಸ್ಪತ್ರೆಯ ಬಟ್ಟೆಯನ್ನು ಮೇಜಿನ ಮೇಲೆ ಹರಡಿದ.

"ಇದನ್ನ ಕೆಡಿಸಿದ್ದು ನಾನು," ಎಂದ. "ಕೆಂಪು ಬಟ್ಟೆ ಏರಿಸಿದೆ, ಕೆಳಗಿನವನ ಉತ್ತರಕ್ಕೆ ಕಾಯ್ಲಿಲ್ಲ."

ಆಮೇಲೆ ತಮ್ಮ ದಡದ ಪದ್ಧತಿಯನ್ನು ಹೇಳಿದ. ನಿಧಾನವಾಗಿ, ನಡುನಡುವೆ ನಿಲ್ಲುತ್ತ. ಆ ನಿಲುಗಡೆಗಳಲ್ಲಿ ಯಾರೂ ಕೆಮ್ಮಲಿಲ್ಲ. ನೀವು ನೋಟೀಸು ಅಂಟಿಸಿದ್ದು ಒಳ್ಳೆಯದಾಯಿತು, ನಮ್ಮ ಉತ್ತರ ಇನ್ನೂ ಬಿಳಿ ಬಟ್ಟೆಯಲ್ಲ ಎಂದ. ಶುದ್ಧಿಯ ಕೊಳ ಮೊದಲು, ಗಿರಣಿಯ ಬೆಣೆ ಆಮೇಲೆ. ಕೊಳದ ಖರ್ಚು ಗಿರಣಿಯ ತಲೆಗೇ ಬರಬೇಕು, ಹೊಳೆಯ ಕೆಳಗಿನವರ ತಲೆಗಲ್ಲ.

ಗಿರಣಿಯವರು ಪುರಾವೆಯ ಮಾತನ್ನು ಮತ್ತೆ ಎತ್ತಿದರು.

ಬಣ್ಣಗಾರ ಅವರ ಕಡೆ ತಿರುಗಿದ. "ಸ್ವಾಮಿ, ಗೊತ್ತಿಲ್ಲದ ಬಣ್ಣದ ಪುಡಿ ಬಂದ್ರೆ ನಾನು ಪೂರ್ತಿ ತೊಟ್ಟಿಗೆ ಸುರಿಯಲ್ಲ. ಒಂದು ಲಡಿ ಅದ್ದಿ ನೋಡ್ತೀನಿ. ಕೆಡುತ್ತೆ ಅಂತ ಗೊತ್ತಾಗೋವರೆಗೂ ಸುರಿತೀನಿ ಅಂದ್ರೆ, ಗೊತ್ತಾಗೋ ಹೊತ್ತಿಗೆ ನೂಲೆಲ್ಲ ಕೆಟ್ಟಿರುತ್ತೆ. ನೂಲಾದ್ರೆ ಇನ್ನೊಂದು ತರ್ಬೋದು. ಹೊಳೆ ಎಲ್ಲಿಂದ ತರೋದು?"

ಮೇಜಿನ ಬದಿಯಲ್ಲಿ ಸೀಸೆಗಳ ಜೊತೆ ನಿಂತಿದ್ದ ನಾದಿನಿ ಆಗ ಬಾಯಿ ಹಾಕಿದಳು. ದೊಡ್ಡ ಹಾನಿಯ, ಮತ್ತೆ ಸರಿಪಡಿಸಲಾಗದ ಹಾನಿಯ ಭಯವಿದ್ದಾಗ ಪುರಾವೆ ಪೂರ್ತಿ ಇಲ್ಲ ಎಂಬ ನೆಪದಲ್ಲಿ ಎಚ್ಚರಿಕೆಯನ್ನು ಮುಂದೂಡಬಾರದು ಎಂದು ಬಹಳ ದೇಶಗಳು ಕೂಡಿ ಒಪ್ಪಿವೆ, ಭಾವ ಹೇಳಿದ್ದು ಅದನ್ನೇ ಎಂದಳು. ಅಧಿಕಾರಿಗಳು ಬರೆದುಕೊಂಡರು.

ಕೊನೆಗೆ ಬಣ್ಣಗಾರ, ತಮ್ಮ ಬಣ್ಣದ ಮನೆಗಳ ನೀರಿಗೂ ಒಂದು ಕೊಳ ಕಟ್ಟುತ್ತೇವೆ, ಸಂಘದಲ್ಲಿ ಮಾತಾಗಿದೆ ಎಂದ. ಹೆಚ್ಚು ನೀರು ಬಿಡುವವರು ಹೆಚ್ಚು ಹಾಕುತ್ತಾರೆ, ಕಡಿಮೆಯವರು ಕಡಿಮೆ. ಹೊಳೆ ಎಲ್ಲರದು, ಹೊರೆ ಮಾತ್ರ ಅವರವರ ಹೆಗಲಿಗೆ ತಕ್ಕಂತೆ. ಹಿಂದಿನ ಸಾಲಿನಲ್ಲಿ ಅಧ್ಯಕ್ಷ ಒಮ್ಮೆ ಕುರ್ಚಿಯಲ್ಲಿ ಹೊರಳಿ ಕೂತ. ಅಲ್ಲ ಎನ್ನಲಿಲ್ಲ.

"ಗಿರಣಿ ಬೇಡ ಅಂತ ನಾನು ಹೇಳಲ್ಲ," ಎಂದ ಬಣ್ಣಗಾರ. "ಆಚೆ ಮನೆಗಳಲ್ಲೂ ಒಲೆ ಉರೀಬೇಕು."

ಮೈಕನ್ನು ಪಕ್ಕದವರಿಗೆ ಕೊಟ್ಟು ಕೂತ. ಆ ಒಲೆ ಯಾರ ಮನೆಯದೆಂದು ಹೆಂಡತಿಗೆ ಗೊತ್ತಿತ್ತು. ಅವಳು ಅವನ ಹಳದಿ ಕೈ ಮೇಲೆ ತನ್ನ ಕೈ ಇಟ್ಟಳು.

*

ಕೇಳಿದ್ದೆಲ್ಲ ಸಿಕ್ಕಿತು ಎಂದರೆ ಸುಳ್ಳಾಗುತ್ತದೆ. ಗಿರಣಿಯ ಜಾಗ ಬದಲಾಗಲಿಲ್ಲ. ಕೆಲವರು ಕೇಳಿದ್ದ ಪರಿಹಾರ ನಿಧಿಯ ಮಾತು ಇನ್ನೂ ಕಾಗದದಲ್ಲೇ ಇದೆ. ಆದರೆ ಶುದ್ಧಿಯ ಕೊಳ ಮುಗಿಯುವವರೆಗೆ ಗಿರಣಿ ಶುರುವಾಗಬಾರದೆಂದು ಎರಡೂ ಕಡೆ ಒಪ್ಪಿತವಾಯಿತು. ಮೊದಲು ಒಂದೇ ಘಟಕ ನಡೆಸಿ ನೋಡಬೇಕು, ನೀರನ್ನು ಇಬ್ಬರೂ ಸೇರಿ ಪರೀಕ್ಷಿಸಬೇಕು, ಫಲಿತಾಂಶವನ್ನು ಎರಡೂ ದಡದ ಗೋಡೆಗಳ ಮೇಲೆ ಅಂಟಿಸಬೇಕು. ಸೇತುವೆಯ ಕೆಳಗೆ ಈಗ ನಾದಿನಿಯ ಜೊತೆ ಆಚೆ ದೇಶದ ಇನ್ನೊಬ್ಬಳೂ ಸೀಸೆ ತುಂಬಿಸುತ್ತಾಳೆ. ಇಬ್ಬರೂ ಮೊದಮೊದಲು ಒಬ್ಬರ ಸೀಸೆಯನ್ನು ಇನ್ನೊಬ್ಬರು ಅನುಮಾನದಿಂದ ನೋಡುತ್ತಿದ್ದರು. ಈಗ ಒಂದೇ ಕಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಾರೆ.

ಇದನ್ನು ಓದಿ ಹೇಳುತ್ತಿರುವ ಅಕ್ಕಂದಿರೇ, ಕೇಳುತ್ತ ಕೂತಿರುವ ಅಣ್ಣಂದಿರೇ, ನಿಮ್ಮೂರಿಗೂ ಎಲ್ಲಿಂದಲೋ ನೀರು ಬರುತ್ತದೆ. ಎಲ್ಲಿಂದಲೋ ಹೊಗೆ ಬರುತ್ತದೆ, ಹಡಗಿನಲ್ಲೋ ಲಾರಿಯಲ್ಲೋ ಬೇರೆಯವರ ಕಸ ಬರುತ್ತದೆ. ಬರುವ ಮೊದಲು ನಿಮಗೆ ಹೇಳಬೇಕು, ನಿಮ್ಮನ್ನು ಕೇಳಬೇಕು, ಕೆಡಿಸಿದವರೇ ಸರಿಮಾಡಬೇಕು ಎಂಬ ಮಾತುಗಳನ್ನು ದೇಶಗಳು ಒಟ್ಟಿಗೆ ಕೂತು ಒಪ್ಪಿಕೊಂಡಿವೆ. ಅವು ತಾವಾಗಿ ನಡೆದುಬಂದು ನಿಮ್ಮ ಬಾಗಿಲು ತಟ್ಟುವುದಿಲ್ಲ. ಕಚೇರಿಯ ಗೋಡೆಯ ಮೇಲೆ ನೋಟೀಸು ಕಂಡರೆ ನಿಂತು ಓದಿ. ಓದಲು ಬಾರದಿದ್ದರೆ ಓದಿಸಿಕೊಳ್ಳಿ. ಸಭೆ ಇದೆ ಎಂದರೆ ಕೆಲಸದ ಕೈಯಲ್ಲೇ ಹೋಗಿ. ಕೈ ತೊಳೆದುಕೊಂಡು ಹೋಗುವಷ್ಟರಲ್ಲಿ ಸಭೆ ಮುಗಿದಿರುತ್ತದೆ. ಮಾತು ಬಾರದಿದ್ದರೆ ಹಾಳಾದ ಒಂದು ಬಟ್ಟೆಯನ್ನು ಮೇಜಿನ ಮೇಲೆ ಹರಡಿದರೂ ಸಾಕು. ನಿಮ್ಮ ಕೆಳಗೂ ಒಬ್ಬ ಸೋಪಣ್ಣ ಇದ್ದಾನೆ ಎನ್ನುವುದನ್ನು ಮಾತ್ರ ಮರೆಯಬೇಡಿ. ನಿಮ್ಮ ಮೌನ ಯಾರ ಕಣ್ಣಿಗೂ ಬಿಳಿ ಬಟ್ಟೆಯಾಗಿ ಕಾಣದಿರಲಿ.

ಕೊಳ ಕಟ್ಟುವ ಕೆಲಸ ಎಳೆಯಿತು. ಗಿರಣಿ ಹೇಳಿದ ದಿನಕ್ಕೆ ಶುರುವಾಗಲಿಲ್ಲ. ಮಗಳು ಹೊಸ ಕೆಲಸದ ಬಟ್ಟೆ ಹೊಲಿಸಿಕೊಂಡು ತಿಂಗಳುಗಟ್ಟಲೆ ಮನೆಯಲ್ಲಿ ಕೂತಳು. ಆ ದಿನಗಳಲ್ಲಿ ಒಮ್ಮೆ ಫೋನು ಮಾಡಿದಾಗ, "ಕೆಳಗಿನವರ್ಯಾರೋ ಅಡ್ಡ ಮಾತಾಡಿದ್ರಂತೆ ಅಪ್ಪ, ಅದಕ್ಕೇ ತಡ," ಎಂದಿದ್ದಳು. ಬಣ್ಣಗಾರ ಹೂಂಗುಟ್ಟಿದ. ಈಗ ಅವಳು ಅದೇ ಗಿರಣಿಯಲ್ಲಿ ಬಣ್ಣ ಹೊಂದಿಸುತ್ತಾಳೆ, ಅವನ ತೊಟ್ಟಿಯಲ್ಲಿ ಹಳದಿ ಹಳದಿಯಾಗಿಯೇ ನಿಲ್ಲುತ್ತದೆ.

ಆ ಅಡ್ಡ ಮಾತಾಡಿದವನು ತಾನೇ ಎಂದು ಅವನು ಮಗಳಿಗೆ ಇವತ್ತಿಗೂ ಹೇಳಿಲ್ಲ.